ನೀನು ಓದದೇ ಹೋದ ಕಾಮೆಂಟುಗಳು

ಗೌರಕ್ಕಾ,

ನೀನು ಹೋಗಿ ಒಂದು ವರ್ಷ ದಾಟಿತು. ಇಷ್ಟು ದಿನ ನಿನಗೆ ಬರೆಯುವ ಧೈರ್ಯ ಇರಲಿಲ್ಲ. ಹೋದ ಭಾನುವಾರ ಎದೆಯ ಮೇಲಿದ್ದ ಒಂದು ಭಾರ ಇಳಿಯಿತು. ಅದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನೀನು ಮೊದಲ ಸಲ ನನಗೊಂದು ಬ್ಲಾಗಿನ ಲಿಂಕ್ ಕಳಿಸಿದ್ದು ನೆನಪಿದೆ. ಪಿರಿಯಾಪಟ್ಟಣದ ಪಕ್ಕದ ನಿನ್ನೂರಿನಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೆಲಸ ನಡೆದಿತ್ತು. ಕೈ ಎಲೆಯ ಮೇಲೆ, ಫೋನು ಗೋಡೆಗೆ ಒರಗಿಕೊಂಡು. ಹತ್ತನೇ ತರಗತಿಗೇ ಓದು ಬಿಟ್ಟವಳು ನೀನು. ಹುಣಸೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಏನು ಓದಬೇಕೆಂದು ಹೇಳುತ್ತಿದ್ದವಳೂ ನೀನೇ. ಹಳಗನ್ನಡದ ಪದ್ಯಗಳನ್ನು ಹರಟೆ ಹೊಡೆದ ಹಾಗೆ ಬಿಡಿಸಿ ಹೇಳುವ ನಿವೃತ್ತ ಪೋಸ್ಟ್ ಮಾಸ್ಟರ ಬ್ಲಾಗು, ಪದಗಳ ಹುಟ್ಟೂರು ಹುಡುಕಿಕೊಂಡು ಹೋಗುವ ನರ್ಸಮ್ಮನ ಬ್ಲಾಗು, ಕಥೆ ಚೆನ್ನಾಗಿಲ್ಲದಿದ್ದರೆ ಮುಲಾಜಿಲ್ಲದೆ ಬರೆಯುವ ಇನ್ನೊಬ್ಬರದ್ದು... "ಪೋಸ್ಟ್ ಮಾಸ್ಟ್ರುದು ಓದಿದ್ಯಾ? ನಕ್ಕೂ ನಕ್ಕೂ ಕೈಲಿ ಸೊಪ್ಪೇ ನಿಲ್ನಿಲ್ಲ ಕಣೆ!" ಎಂದು ನೀನು ಫೋನು ಮಾಡುತ್ತಿದ್ದೆ. ನಾನು ಓದಿರುತ್ತಿರಲಿಲ್ಲ. ಸುಮ್ಮನೆ ಹ್ಞೂಂ ಎನ್ನುತ್ತಿದ್ದೆ.

ಆಮೇಲೆ ನೀನೇ ಬರೆಯತೊಡಗಿದೆ. ಮಗಳು ಸವಿತಾ ಬ್ಲಾಗ್ ಮಾಡಿಕೊಟ್ಟಳು. ಹೆಸರು ಹಾಕಲು ನಿನಗೆ ನಾಚಿಕೆ, 'ಸೊಪ್ಪಿನ ಮನೆ' ಎಂದಷ್ಟೇ ಇಟ್ಟುಕೊಂಡೆ. ಒತ್ತಾರೆ, ಬೈಗು, ನಸುಗತ್ತಲ ಮೊಬ್ಬು, ಹೀಗೆ ಮನೆಯ ಒಂದೊಂದು ಮಾತು ಹಿಡಿದು, ಅದನ್ನು ಯಾರು ಯಾವಾಗ ಆಡುತ್ತಿದ್ದರೆಂದು ಬರೆಯುತ್ತಿದ್ದೆ. 'ಒತ್ತಾರೆ ಅಂದರೆ ಬರೀ ಬೆಳಿಗ್ಗೆ ಅಲ್ಲ. ಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ನೋಡಿ ಬಂದು, ಬಿಸಿ ಕೈಯಲ್ಲಿ ನಮ್ಮವ್ವ ನಮ್ಮನ್ನು ಎಬ್ಬಿಸುತ್ತಿದ್ದ ಹೊತ್ತು.' ಆ ಕೈ ನನ್ನ ಕೆನ್ನೆಯನ್ನೂ ಮುಟ್ಟಿತ್ತಲ್ಲವೇ?

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ಫೋನನ್ನು ನನ್ನ ಮುಂದೆ ಹಿಡಿದರು. "ಮೇಡಂ, ಕನ್ನಡದವರು ನೀವು, ಇದನ್ನ ಓದ್ಲೇಬೇಕು ಕಣ್ರೀ. ಯಾರೋ ಹೆಣ್ಮಗಳು, ಏನ್ ಚೆನ್ನಾಗಿ ಬರೀತಾರೆ!" ನೋಡಿದರೆ ನಿನ್ನ 'ಒತ್ತಾರೆ'. ನನ್ನಕ್ಕ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಇಷ್ಟು ವರ್ಷ ಕನ್ನಡ ಕಲಿಸಿದ ನನ್ನ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. ಸಂಜೆ ಬಸ್ಸಿನಲ್ಲಿ ಕುಳಿತು, ಹೆಸರು ಹಾಕದೆ, ನಿನ್ನ ಬರಹದ ಕೆಳಗೆ ಬರೆದೆ: 'ಒತ್ತಾರೆ ಎಂಬುದು ಅಶುದ್ಧ ರೂಪ. ಸರಿಯಾಗಿ ಓದದವರು ಭಾಷೆಯ ಬಗ್ಗೆ ಬರೆಯಬಾರದು.'

ಕಳಿಸಿದ ಮೇಲೆ ಅಳಿಸಲು ನೋಡಿದೆ, ಆಗಲಿಲ್ಲ. ಆ ಮಾತು ಬ್ಲಾಗಿನಲ್ಲಿ ಕಾಣಿಸಲೂ ಇಲ್ಲ. ನೀನೇ ಓದಿ ತೆಗೆದುಹಾಕಿದೆ ಎಂದುಕೊಂಡೆ. ಆ ವಾರದಿಂದ ನಿನ್ನ ಬರಹ ನಿಂತಿತು. ಎರಡು ವರ್ಷ, ನೀನು ಹಬ್ಬಕ್ಕೆ ಬಂದಾಗಲೆಲ್ಲ ಕೇಳಿಬಿಡೋಣ ಎಂದು ಬಾಯಿ ತೆರೆಯುತ್ತಿದ್ದೆ, ಆಮೇಲೆ... ನಿನ್ನ ಮುಖದಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸುತ್ತಿತ್ತು. ಹೋದ ವರ್ಷ ಎದೆನೋವೆಂದು ಮೈಸೂರಿಗೆ ಹೊರಟ ಕಾರು ಬಿಳಿಕೆರೆ ದಾಟುವ ಮೊದಲೇ ನೀನು ಹೊರಟುಹೋದೆ.

ಭಾನುವಾರ ಸವಿತಾ ನಿನ್ನ ಹಳೆಯ ಫೋನಿಗೆ ಗಾಜು ಹಾಕಿಸಿಕೊಂಡು ಬಂದಿದ್ದಳು, ಒಳಗಿನ ಫೋಟೋಗಳಿಗಾಗಿ. ಬ್ಲಾಗೂ ತೆರೆದುಕೊಂಡಿತು. "ಚಿಕ್ಕಮ್ಮಾ, ಬನ್ನಿ ಇಲ್ಲಿ!" ಎಂದು ಕೂಗಿದಳು. ಒಪ್ಪಿಗೆಗೆ ಕಾದು ಕುಳಿತ ಕಾಮೆಂಟುಗಳ ಉದ್ದನೆಯ ಸಾಲು. ಒಂದನ್ನೂ ನೀನು ತೆರೆದಿರಲಿಲ್ಲ.

"ನಾನೇ ಅಂಗೆ ಸೆಟ್ ಮಾಡಿದ್ದು. ನಾವು ಒಪ್ಕಂಡ್ರೇನೆ ಕಾಣೋದು. ಅವ್ವಂಗೆ ಹೇಳೋದೇ ಮರ್ತೋಗ್ಬುಟ್ಟೆ." ಅವಳ ಕಣ್ಣು ತುಂಬಿತು. "ಒಬ್ರೂ ಒಂದ್ ಮಾತೂ ಬರಿಯಲ್ವಲ್ಲ ಅಂತಿತ್ತು ಅವ್ವ."

"ಮತ್ತೆ ಯಾಕೆ ನಿಲ್ಲಿಸಿದ್ಲು?"

"ನನ್ ಬಾಣಂತನ ಬಂತಲ್ಲ ಚಿಕ್ಕಮ್ಮ. ಆಮೇಲೆ ಫೋನ್ ಬಿದ್ದು ಒಡ್ದೋಯ್ತು, ಹೊಸ ಫೋನ್ಗೆ ಹಾಕಕ್ಕೆ ಪಾಸ್‌ವರ್ಡು ನಂಗೂ ಗ್ಯಾಪಕ ಇರ್ನಿಲ್ಲ. ಬುಡು, ಬರಿಯೋದ್ಕಿಂತ ಓದೋದೇ ಸುಖ ಅಂತು."

ಅಷ್ಟೇ ಅಕ್ಕಾ. ಒಂದು ಬಾಣಂತನ, ಒಂದು ಒಡೆದ ಫೋನು. ನನ್ನ ಮಾತು ನಿನ್ನನ್ನು ಮುಟ್ಟಿಯೇ ಇರಲಿಲ್ಲ!

ಅಷ್ಟರಲ್ಲಿ ಸವಿತಾ ನನ್ನ ಆ ಕಾಮೆಂಟನ್ನೂ ಓದಿದಳು. "ಇದ್ಯಾವನು ಇಂಗೆ ಬರ್ದಿರೋನು?"

"ನಾನೇ ಕಣೆ."

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಕೊನೆಗೆ ಫೋನನ್ನು ನನ್ನ ಕೈಗಿಟ್ಟಳು. "ಅವ್ವ ಓದ್ನಿಲ್ಲ. ನೀವೇ ಅಳ್ಸಿ." ಅಳಿಸಿದೆ. ಅವಳು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು, ಎರಡು ಲೋಟ.

ಉಳಿದದ್ದನ್ನೆಲ್ಲ ಅವಳು ಗಟ್ಟಿಯಾಗಿ ಓದಿದಳು. ಇದೆಲ್ಲ ನಿನಗೆ ಸಿಗಬೇಕಿತ್ತು. ಮಿರ್ಲೆಯ ರೈತರೊಬ್ಬರು 'ಮೊಬ್ಬು ಎಂದು ನಮ್ಮಜ್ಜಿ ಅನ್ನುತ್ತಿದ್ದಳು, ಓದಿ ಅವಳ ದನಿಯೇ ಕೇಳಿದಂತಾಯಿತು' ಎಂದಿದ್ದಾರೆ. ಚುಂಚನಕಟ್ಟೆಯ ಹೆಂಗಸೊಬ್ಬರು ಗದ್ದೆಯ ಹನ್ನೆರಡು ಮಾತುಗಳನ್ನು ಪಟ್ಟಿ ಮಾಡಿ, 'ಇವನ್ನೂ ಬರೀರಿ' ಎಂದಿದ್ದಾರೆ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ ಉಣ್ಣೆ ಬಟ್ಟೆಯ ಅಂಗಡಿ ಇಟ್ಟಿರುವವಳೊಬ್ಬಳು ಮೂರು ಸಲ ಬರೆದಿದ್ದಾಳೆ. ಮೂರನೆಯದರಲ್ಲಿ, ತಾನೂ ಒಂದು ಬ್ಲಾಗ್ ಶುರುಮಾಡಿದ್ದೇನೆ, ತನ್ನವ್ವ ಆಡುವ ಟಿಬೆಟನ್ ಮಾತುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವೇ ಕಾರಣ ಎಂದಿದ್ದಾಳೆ.

ಅದನ್ನು ಹುಡುಕಿ ಓದಿದೆ ಅಕ್ಕಾ. ಬೆಣ್ಣೆ ಹಾಕಿ ಕಡೆಯುವ ಚಹಾದ ಬಗ್ಗೆ ಬರೆದಿದ್ದಾಳೆ, ಹಿಮದಲ್ಲಿ ನಡೆದು ಬಂದ ಅಜ್ಜನ ಬಗ್ಗೆ ಬರೆದಿದ್ದಾಳೆ, ನಿನಗೆ ಬಹಳ ಹಿಡಿಸುತ್ತಿತ್ತು. ಎರಡು ಕಡೆ ವಿಭಕ್ತಿ ತಪ್ಪಿದೆ. ನಾನು ತಿದ್ದಲು ಹೋಗಲಿಲ್ಲ. 'ತುಂಬ ಚೆನ್ನಾಗಿದೆ, ನಿಲ್ಲಿಸಬೇಡಿ' ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.

ನಿನ್ನ ತಂಗಿ,
ಸುಮಿತ್ರಾ