ಅಕ್ಕನ ಕಿಡ್ನಿ ಮತ್ತು ಮೂರನೆಯ ನಕ್ಷೆ

ಆಸ್ಪತ್ರೆಯ ದಾಖಲೆ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಅಕ್ಕನಿಗೆ ಎರಡೂ ಕಿಡ್ನಿಗಳಿವೆ ಎಂದು ನಿಮ್ಮ ಕಂಪ್ಯೂಟರ್ ಹೇಳುತ್ತದೆ. ಅದರಲ್ಲಿ ಒಂದು ಆರು ವರ್ಷದಿಂದ ನನ್ನ ಹೊಟ್ಟೆಯಲ್ಲಿದೆ. ತೆಗೆದವರೂ ನೀವೇ, ಜೋಡಿಸಿದವರೂ ನೀವೇ, ಮರೆತವರೂ ನೀವೇ.

ಕಳೆದ ತಿಂಗಳು ಅಕ್ಕ ಮಂಡಿನೋವೆಂದು ನಿಮ್ಮಲ್ಲಿಗೆ ಬಂದಳು. ವೈದ್ಯರು ಪರದೆ ನೋಡಿದರು. ‘ಹಿಂದಿನ ಶಸ್ತ್ರಚಿಕಿತ್ಸೆ: ಇಲ್ಲ.’ ಒಂದೇ ಕಿಡ್ನಿ ಇರುವವರಿಗೆ ಕೊಡಬಾರದ ನೋವಿನ ಮಾತ್ರೆಯನ್ನು ಇಪ್ಪತ್ತು ದಿನಕ್ಕೆ ಬರೆದರು. ಹದಿನೈದನೇ ದಿನಕ್ಕೆ ಅವಳ ಕಾಲು, ಮುಖ ಊದಿಕೊಂಡವು.

“ನೀನಾದ್ರೂ ಹೇಳ್ಬಾರ್ದಿತ್ತಾ ಅಕ್ಕ?” ಎಂದು ರೇಗಿದೆ.

“ಇಲ್ಲೇ ತಾನೇ ಕುಯ್ದಿದ್ದು? ಇವ್ರಿಗೆ ಗೊತ್ತಿರಲ್ವಾ ಅಂದ್ಕೊಂಡೆ ಕಣೇ.”

ತಪ್ಪು ಅವಳದೇ ಬಿಡಿ. ನಿಮ್ಮನ್ನು ನಂಬಿದಳು.

ಇದು ಹೇಗಾಯಿತೆಂದು ನನಗೆ ಗೊತ್ತು, ಏಕೆಂದರೆ ನಿಮ್ಮ ಡೇಟಾಬೇಸ್ ಕಟ್ಟಿದವರಲ್ಲಿ ನಾನೂ ಒಬ್ಬಳು. ಇಂಥ ಕೆಲಸಕ್ಕೆ ಮೂರು ಹಂತದ ನಕ್ಷೆಗಳಿರುತ್ತವೆ. ಮೊದಲನೆಯದು ಪರಿಕಲ್ಪನೆಯ ನಕ್ಷೆ: ಲೋಕದಲ್ಲಿ ಯಾರಿದ್ದಾರೆ, ಯಾರಿಗೂ ಯಾರಿಗೂ ಏನು ಸಂಬಂಧ ಎಂಬುದಷ್ಟೇ. ಅಲ್ಲಿ ನಾನು ‘ವ್ಯಕ್ತಿ’ ಎಂದು ಒಂದೇ ಚೌಕ ಬರೆದಿದ್ದೆ. ಇಂದು ದಾನಿಯಾದವಳೇ ನಾಳೆ ರೋಗಿಯಾಗಬಹುದಲ್ಲ? ಎರಡನೆಯದಾದ ತಾರ್ಕಿಕ ನಕ್ಷೆಯಲ್ಲಿ ಚೌಕ ಒಡೆದು ದಾನಿಗಳದೊಂದು ಪಟ್ಟಿ, ರೋಗಿಗಳದೊಂದು ಪಟ್ಟಿ ಆಯಿತು. ಆದರೂ ಇಬ್ಬರೂ ಒಬ್ಬರೇ ಎಂದು ಹೇಳುವ ಸಂಖ್ಯೆಯ ಕೊಂಡಿ ನಡುವೆ ಉಳಿದಿತ್ತು. ಮೂರನೆಯದು ಭೌತಿಕ ನಕ್ಷೆ, ಯಂತ್ರದೊಳಗೆ ನಿಜಕ್ಕೂ ಏನನ್ನು ಎಲ್ಲಿಡಬೇಕೆಂಬುದು. ನಿಮಗೆ ಪರದೆ ಬೇಗ ತೆರೆಯಬೇಕಿತ್ತು. ನಿಮ್ಮವರು ಕೊಂಡಿ ಕಿತ್ತರು. “ಆಮೇಲೆ ಸೇರಿಸ್ಕೊಂಡ್ರಾಯ್ತು ಅಂತ ಬಿಟ್ವಿ ಮೇಡಂ” ಎಂದರು ನಿಮ್ಮ ತಾಂತ್ರಿಕ ಅಧಿಕಾರಿ, ಮೊನ್ನೆ ನಾನು ಕೇಳಿದಾಗ. ಪರದೆ ತೆರೆಯುವುದರಲ್ಲಿ ಎರಡು ಕ್ಷಣ ಉಳಿತಾಯವಾಯಿತು, ರೋಗಿಯ ಪರದೆಯಲ್ಲಿ ದಾನ ಕಾಣದಾಯಿತು.

ನನ್ನ ದೂರಿಗೆ ನೀವು ಮೊದಲ ನಕ್ಷೆಯ ಪ್ರತಿ ಕಳುಹಿಸಿ ‘ವಿನ್ಯಾಸದಲ್ಲಿ ಲೋಪವಿಲ್ಲ’ ಎಂದು ಬರೆದಿರಿ. ಮನೆಯ ನಕ್ಷೆಯಲ್ಲಿ ಬಾಗಿಲಿದೆ, ಗೋಡೆಯಲ್ಲಿಲ್ಲ. ಒಳಗಿರುವವರು ಕಾಗದದ ಮೇಲೆ ಹೊರಬರಬೇಕೇ? ಈಗ ಅಕ್ಕನ ಕಡತಕ್ಕೆ ಕೆಂಪು ಚೀಟಿ ಅಂಟಿಸಿದ್ದೀರಂತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ. ಅವಳ ಉಳಿದೊಂದು ಕಿಡ್ನಿ ಈಗ ಅರ್ಧ ಮಾತ್ರ ಕೆಲಸ ಮಾಡುತ್ತಿದೆ. ನನ್ನೊಳಗಿನದು ಚೆನ್ನಾಗಿದೆ.

ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಮೂರನೆಯ ನಕ್ಷೆಯ ಕೆಳಗಿರುವ ಒಪ್ಪಿಗೆಯ ಸಹಿ ನನ್ನದು. ಮೊದಲನೆಯದನ್ನು ಬರೆದವಳು ನಾನೇ ಅಲ್ಲವೇ, ಕೊನೆಯದೂ ಹಾಗೇ ಇರುತ್ತದೆಂದು ಓದದೆ ಸಹಿ ಹಾಕಿದೆ.

ಕೊಂಡಿಯನ್ನು ಮತ್ತೆ ಹಾಕಿ. ನಿಮ್ಮಲ್ಲಿ ಅಂಗ ಕೊಟ್ಟ ಪ್ರತಿಯೊಬ್ಬರಿಗೂ ಈ ವಾರವೇ ಫೋನ್ ಮಾಡಿ, ನಿಮ್ಮ ದಾನ ನಮಗೆ ನೆನಪಿಲ್ಲ, ವೈದ್ಯರಿಗೆ ನೀವೇ ಹೇಳಿ ಎಂದು ಎಚ್ಚರಿಸಿ. ಅಕ್ಕನಿಗೆ ಮಾತ್ರ ಮಾಡಬೇಡಿ. ಸಹಿ ಯಾರದೆಂದು ಅವಳಿಗೆ ನಾನೇ ಹೇಳಬೇಕು, ಇನ್ನೂ ಹೇಳಿಲ್ಲ.

ಇಂತಿ,
ಓದದೆ ಸಹಿ ಹಾಕಿದ ತಂಗಿ