ರಜೆಯಿಲ್ಲದ ಬಾಯ್ಲರ್

ಮನೆಯಿಂದ,
ಗುರುವಾರ ಸಂಜೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕ ಕೆಲಸಕ್ಕೆ ಹೋದ ಮೇಲೆ ಮಗು ನಿನ್ನನ್ನು ಒಂದು ಕಡೆ ಕೂರಲು ಬಿಡುತ್ತದೋ ಇಲ್ಲವೋ? ಹಲ್ಲು ಬಂದಿದೆಯಂತೆ. ಮೊದಲು ಕಚ್ಚಿದ್ದು ಭಾವನನ್ನೇ ಆಗಿದ್ದರೆ ನನ್ನ ಕಡೆಯಿಂದ ಒಂದು ಮುತ್ತು ಕೊಡು. ಫೋನಿನಲ್ಲಿ ಅಪ್ಪನ ವಿಷಯ ತೆಗೆದ ಕೂಡಲೇ ನೀನು ಅಕ್ಕನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನೀನು ಹೊರಟಿದ್ದು ಮಗುವಿನ ನೆಪದಲ್ಲಿ. ಅಪ್ಪ ರಕ್ತದೊತ್ತಡದ ಮಾತ್ರೆ ನಿಲ್ಲಿಸಿದ ಸಿಟ್ಟೇ ನಿಜವಾದ ಕಾರಣ ಅಂತ ನಮಗೆಲ್ಲ ಗೊತ್ತು. ಅವರು ಹಾಗೇಕೆ ಮಾಡಿದರು ಅಂತ ನಿನಗೆ ಹೇಳಿರಲಿಲ್ಲ. ಲಾಂಡ್ರಿಯಲ್ಲಿ ಇಷ್ಟು ವರ್ಷ ಹಬೆಯ ಬಾಯ್ಲರ್ ನೋಡಿಕೊಂಡವರು. ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿದರೆ ಹಬೆ ಹೊರಬಿಡಲು ವಾಲ್ವ್ ಬಿಚ್ಚಬೇಕು, ಇಳಿದರೆ ಮುಚ್ಚಬೇಕು. ಡಾಕ್ಟರಮ್ಮ 'ಒತ್ತಡ ಸರಿಯಾಗಿದೆ' ಅಂದರಲ್ಲ, ಅಂದೇ ಮಾತ್ರೆಯ ವಾಲ್ವನ್ನೂ ಮುಚ್ಚಿಬಿಟ್ಟರು.

ನೀನು ಹೋದ ಸ್ವಲ್ಪ ದಿನಕ್ಕೇ ಒದ್ದೆ ಹಾಸಿಗೆ ಬಟ್ಟೆಯ ಗಾಡಿ ತಳ್ಳಲಾರದೆ ಬಟ್ಟೆ ಗಂಟಿನ ಮೇಲೆ ಕುಸಿದು ಕೂತರು. ನಾನು ಮಡಿಚುತ್ತಿದ್ದ ದುಪ್ಪಟಿ ಎಸೆದು ಓಡಿದೆ. ನಿನಗೆ ಹೇಳಬೇಡ ಅಂದರು, ಈಗ ಹೇಳುತ್ತಿದ್ದೇನೆ. ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್ ಮಾಡಿದರು. ಹೆಚ್ಚಿನ ಒತ್ತಡದ ಎದುರು ವರ್ಷಗಟ್ಟಲೆ ರಕ್ತ ತಳ್ಳಿ ತಳ್ಳಿ ಹೃದಯದ ಗೋಡೆ ದಪ್ಪವಾಗಿ ಬಿಗಿದುಕೊಂಡಿತ್ತು. ಹಿಂಡುತ್ತದೆ, ಆದರೆ ಸರಿಯಾಗಿ ಸಡಿಲವಾಗುವುದಿಲ್ಲ. ಸಡಿಲವಾಗದೆ ರಕ್ತ ತುಂಬಿಕೊಳ್ಳುವುದು ಹೇಗೆ? ಅದಕ್ಕೇ ಏದುಸಿರು. ಅಪ್ಪನಿಗೆ ಅಲ್ಲೂ ತಮಾಷೆ: "ನಂದು ಕಲ್ಲು ಹೃದಯ ಅಂತ ನಮ್ಮನೆಯವಳು ಯಾವತ್ತೋ ಹೇಳಿದ್ಲು, ಮಿಷನ್ ಬೇಕಾಗಿರಲಿಲ್ಲ."

ಆಮೇಲೆ ವಾಲ್ವಿನ ವಾದ ಶುರು ಮಾಡಿದರು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, "ಮುಳ್ಳು ಇಳಿದಿದ್ದೇ ಮಾತ್ರೆಯಿಂದ ಯಜಮಾನ್ರೇ. ನಿಮ್ಮ ಬಾಯ್ಲರ್ ಬೆಂಕಿ ರಜೆ ದಿನ ಆರಿಸ್ತೀರಿ. ಇದಕ್ಕೆ ರಜೆ ಎಲ್ಲಿದೆ? ಬೆಂಕಿ ಉರೀತಾನೇ ಇರೋವಾಗ ವಾಲ್ವ್ ಮುಚ್ತೀರಾ?" ಅಂದರು. ಮಾರನೆಯ ಬೆಳಿಗ್ಗೆ ಅಪ್ಪ ತಾವೇ ನೀರು ತಂದುಕೊಂಡು ಮಾತ್ರೆ ನುಂಗಿದರು. ಒಣಕೆಮ್ಮು ಹತ್ತಿದಾಗ "ನೋಡು, ಔಷಧಿಯಿಂದಲೇ ಕಾಯಿಲೆ" ಅಂತ ಕೂಗಾಡಿದ್ದೂ ಉಂಟು. ಎಳೆದುಕೊಂಡು ಹೋದೆ, ಬೇರೆ ಮಾತ್ರೆ ಬರೆದುಕೊಟ್ಟರು, ಕೆಮ್ಮು ನಿಂತಿತು.

ಇಷ್ಟು ತಿಂಗಳ ಮೇಲೆ ಇವತ್ತು ಮತ್ತೆ ಸ್ಕ್ಯಾನ್ ಆಯಿತು. ಗೋಡೆ ಮೊದಲಿಗಿಂತ ತೆಳುವಾಗಿದೆ ಅಮ್ಮಾ! ಸಡಿಲವಾಗುವುದನ್ನೂ ಕಲಿಯುತ್ತಿದೆಯಂತೆ. ಪೂರ್ತಿ ಸರಿಹೋಗಿಲ್ಲ, ಹೋಗದೆಯೂ ಇರಬಹುದು, ಮಾತ್ರೆಯನ್ನಂತೂ ಬಿಡುವ ಹಾಗಿಲ್ಲ. ಡಾಕ್ಟರಮ್ಮ ಅಂದದ್ದಕ್ಕಿಂತ ಒಂದು ಮಾತೂ ಹೆಚ್ಚು ಬರೆದಿಲ್ಲ. ಆದರೆ ಅಪ್ಪ ಮಧ್ಯಾಹ್ನದಿಂದ ಇಸ್ತ್ರಿ ಮಾಡುವವರನ್ನೆಲ್ಲ ನಿಲ್ಲಿಸಿಕೊಂಡು ಹೃದಯದ ಗೋಡೆಯ ಬಗ್ಗೆ ಪಾಠ ಮಾಡುತ್ತಿದ್ದಾರೆ. ನಾನು ಶಾಲೆ ಬಿಟ್ಟರೂ ಮೇಷ್ಟರು ನನ್ನನ್ನು ಬಿಡಲಿಲ್ಲ ನೋಡು.

ಅಕ್ಕನನ್ನು ಕೇಳಿದೆ ಅಂತ ಹೇಳು, ಮಗುವಿನ ಕೆನ್ನೆ ಹಿಂಡು. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೋ, ಸೋಮಾರಿತನ ಮಾಡಬೇಡ.

ನಿನ್ನ,
ನೀನೇ ಹೆಸರಿಟ್ಟ ಬಾಲ ಸುಟ್ಟ ಬೆಕ್ಕು

ಲಕೋಟೆ ಅಂಟಿಸುವ ಮುಂಚೆ: ಈ ಭಾನುವಾರವಲ್ಲ, ಮುಂದಿನ ಭಾನುವಾರ ಅಪ್ಪ ನಿನ್ನನ್ನು ಕರೆದುಕೊಂಡು ಬರಲು ಹೊರಡುತ್ತಿದ್ದಾರೆ. "ಮೊದಲೇ ಗೊತ್ತಾದ್ರೆ ಬೇಡ ಅಂದ್ಬಿಡ್ತಾಳೆ, ಬಾಯಿ ಬಿಡಬೇಡ" ಅಂದಿದ್ದಾರೆ. ನನ್ನಿಂದ ಆಗಲಿಲ್ಲ. ಅಕ್ಕನ ಮನೆ ಮೂರನೇ ಮಹಡಿ, ಲಿಫ್ಟ್ ಬೇರೆ ಇಲ್ಲ, ಹತ್ತಬಹುದಾ ಅಂತ ಡಾಕ್ಟರಮ್ಮನನ್ನು ಎರಡೆರಡು ಸಲ ಕೇಳಿದರು. ನಿಧಾನವಾಗಿ ಹತ್ತಬಹುದಂತೆ. ನೀನು ಗಾಬರಿಯಾಗಿ ಕೆಳಗಿಳಿದು ಬರಬೇಡ. ಅವರೇ ಹತ್ತಲಿ. ಬಾಗಿಲು ಮಾತ್ರ ತೆಗೆದಿಟ್ಟಿರು.