ಸಣ್ಣಕ್ಷರದ ಎರಡು ಸಾಲು

ಭಾನುವಾರ, ಅಂಗಡಿಗೆ ರಜೆ

ಚೋಟೂ,

ಅಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ, ಕಪ್ ಒಂದನ್ನು ಬಿಟ್ಟು. ಅದು ಪಕ್ಕದ ಮನೆಗೆ ಹೋಯಿತು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಮಾತಿನ ಎಳೆ ತಪ್ಪುತ್ತದೆ. ಕಾಗದವಾದರೆ ಹೇಳಿದ್ದನ್ನೆಲ್ಲ ತೆಪ್ಪಗೆ ಕೇಳಿಸಿಕೊಳ್ಳುತ್ತದೆ.

ಗುಲಾಬಿ ಪ್ರದರ್ಶನದ ನಿಯಮ ನಿನಗೆ ಗೊತ್ತೇ ಇದೆ. ಸತತ ಮೂರು ವರ್ಷ ಗೆದ್ದವರಿಗೆ ಕಪ್ ಕಾಯಂ. ಎರಡು ವರ್ಷ ಗೆದ್ದಿದ್ದೆ. ಈ ಸಲವೂ ನನ್ನದೇ ಎಂದು ನಮ್ಮ ವಾಚ್ ರಿಪೇರಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಎರಡು ಅಲಾರಂ ಗಡಿಯಾರಗಳನ್ನು ಸರಿಸಿ ಜಾಗ ಮಾಡಿದ್ದೆ. ಜಂಬ ಎನ್ನು ಬೇಕಾದರೆ. ಊರಿನ ಅರ್ಧ ಕೈಗಡಿಯಾರಗಳು ನನ್ನ ಚಿಮಟದಿಂದಾಗಿ ಜೀವ ಹಿಡಿದುಕೊಂಡಿವೆ. ಒಂದಿಷ್ಟು ಜಂಬ ನನಗೆ ಸಲ್ಲಬೇಕು.

ಆಗಲೇ ಗಿಡಗಳಿಗೆ ಹೇನು ಬಿತ್ತು. ಪ್ರದರ್ಶನಕ್ಕೆ ಎರಡೇ ವಾರವಿದೆ ಎನ್ನುವಾಗ ಮೊಗ್ಗಿನ ತೊಟ್ಟುಗಳಿಗೆಲ್ಲ ಹಸಿರು ಹೇನು ಮೆತ್ತಿಕೊಂಡಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು ಗಿಡದ ಮುಂದೆ ಕುಳಿತೆ. ಹೇನುಗಳ ನಡುವೆ ಕಪ್ಪಗೆ, ಮುಳ್ಳುಮುಳ್ಳಾಗಿ, ಮೊಸಳೆ ಮರಿಯಂಥ ಹುಳುಗಳಿದ್ದವು. ಈ ಅನಾಹುತಕ್ಕೆಲ್ಲ ಇವೇ ಕಾರಣ ಎಂದುಕೊಂಡು ಒಂದೊಂದನ್ನೇ ಹೆಕ್ಕಿ ಸೋಪಿನ ನೀರಿಗೆ ಹಾಕಿದೆ. ಕೆಲಸ ಎಷ್ಟು ಅಚ್ಚುಕಟ್ಟು ಎಂದು ನಿಮ್ಮಪ್ಪನನ್ನು ಕರೆದು ತೋರಿಸಿದ್ದೂ ಆಯಿತು. ಮರುದಿನ ಅಂಥದ್ದೊಂದು ಮೊಸಳೆ ನನ್ನ ಕಣ್ಣೆದುರೇ ಹೇನೊಂದನ್ನು ಹಿಡಿದು ಚಪ್ಪರಿಸಿ ತಿಂದಿತು. ಅದು ಗುಲಗಂಜಿ ಹುಳುವಿನ ಮರಿ! ಕಳ್ಳರನ್ನು ಬಿಟ್ಟು ಪೊಲೀಸರನ್ನು ಮುಳುಗಿಸುತ್ತಿದ್ದೆ ನಾನು. ನಿಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗಲೂ ಊಟದ ನಡುವೆ ನೆನಪಾದರೆ ನಗುತ್ತಾರೆ.

ಕೊನೆಗೆ ನೀನು ಕಳಿಸಿದ ಕೀಟನಾಶಕದ ಬಾಟಲಿ ತೆಗೆದೆ. ಇದರ ಲೇಬಲ್ ಬರೆದವಳು ನನ್ನ ಮಗಳು ಎಂದು ಬಂದವರಿಗೆಲ್ಲ ತೋರಿಸುವ ಬಾಟಲಿ ಅದು. ಮುಚ್ಚಳ ತಿರುಗಿಸುವ ಮುಂಚೆ, ಕಣ್ಣಿನಲ್ಲಿ ಭೂತಗನ್ನಡಿ ಹೇಗೂ ಇತ್ತಲ್ಲ, ಲೇಬಲ್ಲಿನ ಅಡಿಯಲ್ಲಿ ಇರುವೆ ಸಾಲಿನಂತಿದ್ದ ಅಕ್ಷರಗಳನ್ನು ಓದಿದೆ. ಹೂಬಿಟ್ಟ ಗಿಡಕ್ಕೆ ಸಿಂಪಡಿಸಬೇಡಿ, ಜೇನುನೊಣಗಳು ಸಾಯುತ್ತವೆ. ಹಕ್ಕಿಗಳು ಮರಿಗಳಿಗೆ ಹುಳು ಹೆಕ್ಕುವ ಕಡೆ ಬಳಸಬೇಡಿ, ಮೀನು ಕಪ್ಪೆಗಳಿರುವ ನೀರಿಗೆ ಹನಿಯೂ ಸೇರಬಾರದು. ನೀನು ಆಫೀಸಿನಲ್ಲಿ ಜಗಳವಾಡಿ ಹಾಕಿಸಿದ ಎರಡು ಸಾಲು ಇವೇ ಎಂದು ಗೊತ್ತಾಯಿತು. ಮುಂದಿನ ಮುದ್ರಣದಲ್ಲಿ ಅವನ್ನು ತೆಗೆಯೋಣ ಎಂದು ಮೇಲಿನವರು ಹಟ ಹಿಡಿದಿದ್ದಾರೆ, ಒಪ್ಪಿ ಸಹಿ ಹಾಕಿಬಿಡುತ್ತೇನೆ ಎಂದು ಹೋದ ತಿಂಗಳು ನೀನು ಫೋನಿನಲ್ಲಿ ಹೇಳಿದ್ದೆ. "ಅದನ್ನ ಯಾರಮ್ಮ ಓದ್ತಾರೆ?" ಎಂದು ನಿಟ್ಟುಸಿರು ಬಿಟ್ಟಿದ್ದೆ.

ನಾನು ಓದಿದೆ, ಚೋಟೂ. ಓದಿದ ಮೇಲೂ ಕಪ್ಪಿನ ಆಸೆ ಸುಲಭಕ್ಕೆ ಬಿಡಲಿಲ್ಲ, ಸುಳ್ಳೇಕೆ ಹೇಳಲಿ. ಒಂದೇ ಗಿಡಕ್ಕೆ ಹೊಡೆದು ಮೇಲೆ ಸೊಳ್ಳೆ ಪರದೆ ಹೊದಿಸಿದರಾಯಿತು ಎಂದರು ನಿಮ್ಮಪ್ಪ. ಪರದೆ ಜೇನುನೊಣವನ್ನು ತಡೆದೀತು. ಆದರೆ ಮೀಟರ್ ಪೆಟ್ಟಿಗೆಯ ಹಿಂದೆ ಗುಬ್ಬಚ್ಚಿ ಗೂಡು ಕಟ್ಟಿದೆ. ಈ ಗಿಡಗಳಿಂದಲೇ ಹೇನು ಹೆಕ್ಕಿ ಮರಿಗಳ ಬಾಯಿಗೆ ಇಡುತ್ತದೆ. ಗಾಳಿಗೆ ಔಷಧಿ ಪಕ್ಕದ ಗಿಡಕ್ಕೆ ಹಾರಿದರೆ ಗುಬ್ಬಚ್ಚಿಗೆ ಹೇಳುವವರು ಯಾರು? ಹೂವು ಮೊಗ್ಗು ಎಲ್ಲ ಚಿವುಟಿ, ಸಂಜೆ ಹೊತ್ತು ಹೊಡೆದರೆ ಜೇನಿಗೆ ಅಪಾಯ ಕಡಿಮೆ, ನಿಜ. ಆಮೇಲೆ ಬರೀ ಮುಳ್ಳಿನ ಕೊಂಬೆ ಹಿಡಿದು ಪ್ರದರ್ಶನಕ್ಕೆ ಹೋಗಲೇ? ಹೇಗೆ ತೂಗಿದರೂ ತಕ್ಕಡಿ ಒಂದೇ ಕಡೆ ವಾಲಿತು. ಬಾಟಲಿಯ ಸೀಲ್ ಒಡೆಯಲಿಲ್ಲ. ದಿನಾ ಬೆಳಿಗ್ಗೆ ಪೈಪಿನಿಂದ ನೀರು ಚಿಮ್ಮಿಸಿ ಹೇನು ತೊಳೆದೆ, ಉಳಿದದ್ದನ್ನು ಮೊಸಳೆಗಳಿಗೆ ಬಿಟ್ಟೆ.

ಹೂವು ಚೆನ್ನಾಗಿಯೇ ಅರಳಿತು. ಎಲೆಗಳು ಮಾತ್ರ ಹಾಗಿರಲಿಲ್ಲ. ಎಲೆ ಕತ್ತರಿಸುವ ಜಾತಿಯ ಒಂಟಿ ಜೇನೊಂದು ಅಂಚಿನಲ್ಲಿ ಅರ್ಧಚಂದ್ರಾಕಾರವಾಗಿ ಕತ್ತರಿಸಿಕೊಂಡು ಹೋಗಿತ್ತು. ದರ್ಜಿ ಕತ್ತರಿಯಲ್ಲಿ ಕತ್ತರಿಸಿದಷ್ಟು ನಯ, ನೋಡಿದ್ದರೆ ನೀನೂ ಮೆಚ್ಚುತ್ತಿದ್ದೆ. ತೀರ್ಪು ಕೊಡುವ ಹೆಂಗಸು ನನ್ನ ಹೂವಿನ ಮುಂದೆ ಬಹಳ ಹೊತ್ತು ನಿಂತರು. ಈ ಎಲೆಯನ್ನಾದರೂ ಕಿತ್ತು ತರಬಹುದಿತ್ತಲ್ಲ ಎಂದು ಮೆಲ್ಲಗೆ ಕೇಳಿದರು. ಸಭಾಂಗಣವೆಲ್ಲ ಕಿವಿಯಾಗಿತ್ತು.

"ಅದೂ ನನ್ನ ಗಿಡದ್ದೇ ಎಲೆ, ಮೇಡಂ," ಎಂದೆ. "ಕತ್ತರಿಸಿದವರೂ ನಮ್ಮ ಮನೆಯವರೇ."

ಅವರು ನಕ್ಕರು, ಅಂಕವನ್ನೂ ಕಳೆದರು. ಎರಡನೆಯ ಸ್ಥಾನ. ಹೊಟ್ಟೆ ಉರಿಯಲಿಲ್ಲವೇ ಎಂದರೆ, ಉರಿಯಿತು. ಆದರೆ ತಲೆ ತಗ್ಗಲಿಲ್ಲ. ಮನೆಗೆ ಬಂದು ನೋಡಿದರೆ ಗುಬ್ಬಚ್ಚಿ ಮರಿಗಳು ಮೀಟರ್ ಪೆಟ್ಟಿಗೆಯ ಮೇಲೆ ಕುಳಿತು ರೆಕ್ಕೆ ಬಡಿಯುತ್ತಿದ್ದವು. ಗೆದ್ದ ಎರಡು ವರ್ಷವೂ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಮಗಳ ಮಾತು ಕೇಳಿ ಸೋತ ತಾಯಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಕಪ್ಪಿಗೆಂದು ಮಾಡಿದ ಜಾಗದಲ್ಲಿ ಈಗ ನಿನ್ನ ಬಾಟಲಿ ಇದೆ, ಸೀಲ್ ಒಡೆಯದ ಹಾಗೇ, ಲೇಬಲ್ ಹೊರಮುಖವಾಗಿ. ಗಡಿಯಾರ ರಿಪೇರಿಗೆ ಕಾಯುವವರ ಕೈಗೆ ಭೂತಗನ್ನಡಿ ಕೊಡುತ್ತೇನೆ. ಬೇಡ ಎಂದವರ ವಾಚು ಸ್ವಲ್ಪ ತಡವಾಗಿ ರಿಪೇರಿಯಾಗುತ್ತದೆ. ಆದ್ದರಿಂದ ನೀನು ಆ ಸಹಿ ಹಾಕಬೇಡ. ಕೆಲಸ ಹೋದರೆ ಹೋಗಲಿ, ಇಲ್ಲಿ ಇನ್ನೊಂದು ಚಿಮಟ ಇದೆ.

ಕಪ್ ಹೋದರೂ ಜಂಬ ಇಳಿಯದ,
ನಿನ್ನ ಅಮ್ಮ

ವಿ.ಸೂ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಕಪ್ ಗೆದ್ದ ಪಕ್ಕದ ಮನೆಯ ಬ್ಯಾಂಕ್ ಮ್ಯಾನೇಜರಿಗೆ ಅದೇ ಔಷಧಿ ತರಿಸಿಕೊಳ್ಳಿ, ನನ್ನ ಮಗಳ ಕಂಪನಿಯದು ಎಂದವಳು ನಾನೇ, ಲೇಬಲ್ ಓದುವ ಮುಂಚೆ. ಓದಿದ ಮೇಲೆ ಕಾಂಪೌಂಡಿನ ಆಚೆಯಿಂದ ಕರೆದು ಎಚ್ಚರಿಸಿದೆ. ಸೋಲುವ ಭಯಕ್ಕೆ ಹೆದರಿಸುತ್ತಿದ್ದೀರಿ ಎಂದು ತಮಾಷೆ ಮಾಡಿದರು. ನಿನ್ನೆ ಅಂಗಡಿ ಮುಚ್ಚುವ ಹೊತ್ತಿಗೆ ಬಂದಿದ್ದರು. ಸಿಂಪಡಿಸಿದ ಪಂಪನ್ನು ಮೀನಿನ ತೊಟ್ಟಿಯ ಪಕ್ಕದಲ್ಲೇ ತೊಳೆದಿದ್ದರಂತೆ, ಒಂದು ಮೀನೂ ಉಳಿದಿಲ್ಲ. ನಾನು ಕಪಾಟಿನಿಂದ ಬಾಟಲಿ ತೆಗೆದು, ಭೂತಗನ್ನಡಿ ಅವರ ಕೈಗಿಟ್ಟೆ. ಎರಡು ಸಲ ಓದಿದರು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು, "ಇದನ್ನ ಇನ್ನೂ ದಪ್ಪಕ್ಷರದಲ್ಲಿ ಹಾಕೋಕೆ ನಿಮ್ಮ ಮಗಳಿಗೆ ಹೇಳ್ತೀರಾ?"

ಹೇಳುತ್ತೇನೆ ಎಂದೆ. ಹೇಳಿದ್ದೇನೆ.